ಮಂಗಳದ ನಂತರದ ಹದಿನಾಲ್ಕು ನಿಮಿಷ

ಬ್ರಹ್ಮಾವರ
9-9-2024

ಪೂಜ್ಯ ಕೃಷ್ಣಯ್ಯ ಮಾವನವರಿಗೆ ವಿಜೇತಾ ಮಾಡುವ ನಮಸ್ಕಾರಗಳು.

ನಿಮ್ಮ ಕಥೆಯನ್ನು ನನಗೆ ಮೊದಲು ಹೇಳಿದವರು ಗೋಮತಿ ಚಿಕ್ಕಮ್ಮ. ಮೊನ್ನೆ ಚೌತಿಯ ದಿನ, ಹಿಂದಿನ ಜಗಲಿಯಲ್ಲಿ ಕಡುಬಿಗೆ ಹಲಸಿನೆಲೆಯ ಕೊಟ್ಟೆ ಕಟ್ಟುತ್ತ ಕೂತಿದ್ದಾಗ. ನೀವು ಅವರ ಅಣ್ಣ, ಕೆರಾಡಿಯಲ್ಲಿ ಒಬ್ಬರೇ ಇದ್ದೀರಿ ಎಂದಷ್ಟೇ ನನಗೆ ಗೊತ್ತಿತ್ತು. ಮದುವೆಮನೆಗಳಲ್ಲಿ ಒಂದೆರಡು ಸಲ ಕಂಡಿದ್ದೇನೆ, ಮಾತಾಡಿಲ್ಲ. ಅವತ್ತು ನಾನು ಫೋನಿನಲ್ಲಿ ನಾವೇ ಬಾರಿಸಿದ ಒಂದು ಹಾಡು ಹಾಕಿದ್ದೆ. ಏಳು ನಿಮಿಷವಾದರೂ ಅದು ಮುಗಿಯದ್ದನ್ನು ಕಂಡು ಚಿಕ್ಕಮ್ಮ ಕೈಯಲ್ಲಿದ್ದ ಎಲೆ ಕೆಳಗಿಟ್ಟರು.

"ಎಂತ ಮರಾಯ್ತಿ, ಇದ್ ಕೃಷ್ಣಣ್ಣನ ಬೊಂಬಾಯಿ ಪದ್ಯದ ಹಾಂಗೇ ಇತ್ತಲೆ! ಅವ್ನ್ ಅಲ್ಲಿ ದೊಡ್ಡ ಬ್ಯಾಂಡಂಗೆ ಬಾರ್ಸ್ತಿದ್ದ. ಒಂದೊಂದ್ ಪದ್ಯ ಅರ್ಧ ಗಂಟೆ. ಊಟಕ್ಕೆ ಕೂತವ್ರ್ ಎದ್ದ್ ಕೈ ತೊಳ್ಕಂಡ್ರೂ ಮುಗೂದಿಲ್ಲ!"

ಮಾವ, ನಾನು ಹಾಡನ್ನೇ ನಿಲ್ಲಿಸಿಬಿಟ್ಟೆ. ನಮ್ಮವರಲ್ಲೇ ಒಬ್ಬರು ಆ ಕಾಲದಲ್ಲಿ, ಆ ಸಂಗೀತವನ್ನು ಕೈಯಾರೆ ಬಾರಿಸಿದವರು!

ನಾನು ಬಸ್ ಸ್ಟ್ಯಾಂಡಿನ ಎದುರಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ಸಂಜೆ ಗಿಟಾರ್ ಹಿಡಿಯುತ್ತೇನೆ. ಮಿಕ್ಸಿ ರಿಪೇರಿಯ ಸುಧೀರ್ ಕೀಬೋರ್ಡು. ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿರುವ ರತೀಶ್ ಡ್ರಮ್ಸ್. ನಾವು ಬಾರಿಸುವುದನ್ನು ಪ್ರೊಗ್ರೆಸಿವ್ ರಾಕ್ ಎನ್ನುತ್ತಾರೆಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಹಾಡಿಗೆ ಇಪ್ಪತ್ತು ನಿಮಿಷ, ಅದರೊಳಗೆ ನಾಲ್ಕೈದು ಭಾಗ, ನಾಲ್ಕರ ಲೆಕ್ಕದ ಬದಲು ಏಳು, ಐದು, ಹನ್ನೊಂದು.

ಹೆಸರೇನೋ ಮುಂದೆ ಹೋಗುವ ರಾಕ್ ಎಂದು, ಆದರೆ ಈಗ ಹುಡುಕಿದರೆ ಎರಡು ಬಗೆಯವರು ಸಿಗುತ್ತಾರೆ. ಐವತ್ತು ವರ್ಷದ ಹಿಂದಿನದನ್ನು ಅದೇ ಸದ್ದಿನಲ್ಲಿ ಬಾರಿಸುವವರು ಒಂದು ಕಡೆ. ನಿಜವಾಗಿ ಮುಂದೆ ಹೋದವರು ಇನ್ನೊಂದು ಕಡೆ, ಅವರಿಗೆ ಈ ಹೆಸರೇ ಬೇಡ. ಹಾಗಾದರೆ ಇದು ಸತ್ತ ಹಾಗೇ ಅಲ್ಲವೇ? ನಾನು ಸತ್ತಿದೆ ಎನ್ನುತ್ತೇನೆ, ಸುಧೀರ್ ಇಲ್ಲ ಎನ್ನುತ್ತಾನೆ.

ತೀರ್ಮಾನ ಬೇಗ ಬೇಕಾಗಿದೆ. ಕುಂದಾಪುರದ ಒಂದು ಆರ್ಕೆಸ್ಟ್ರಾದವರು ನಮ್ಮ ಮೂವರನ್ನೂ ಕರೆದಿದ್ದಾರೆ. ಮದುವೆ, ಉಪನಯನ, ಗೃಹಪ್ರವೇಶ. ಯಾವ ಹಾಡೂ ನಾಲ್ಕು ನಿಮಿಷ ಮೀರುವಂತಿಲ್ಲ. ಸಹಿ ಹಾಕಿದ ಮೇಲೆ ಬೇರೆಲ್ಲೂ ಬಾರಿಸುವಂತಿಲ್ಲ. ರತೀಶ್ ದೀಪಾವಳಿಯ ಒಳಗೆ ಆಗಬೇಕು ಎನ್ನುತ್ತಿದ್ದಾನೆ. ಅವನು ಹೋದರೆ ನಮ್ಮ ಬ್ಯಾಂಡು ಅಲ್ಲಿಗೆ ಮುಗಿಯಿತು.

ನೀವು ಯಾವ ವಾದ್ಯ ಬಾರಿಸುತ್ತಿದ್ದಿರಿ? ಇದು ಬದುಕಿದೆಯೇ?

ನಿಮ್ಮ
ವಿಜೇತಾ

*

ಕೆರಾಡಿ
16-9-2024

ಚಿ. ವಿಜೇತಾಳಿಗೆ ಕೃಷ್ಣಯ್ಯನ ಆಶೀರ್ವಾದಗಳು.

ಬದುಕಿದೆ! ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ.

ಇಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಮೇ ತಿಂಗಳ ಸಿಡಿಲಿಗೆ ಮನೆಯ ಫೋನು ಹೋಯಿತು. ಕಾಗದ ಬರೆದದ್ದು ಒಳ್ಳೆಯದಾಯಿತು. ಅಂಚೆಯವ ನಿನ್ನ ಕವರು ಕೊಟ್ಟು, "ಅಯ್ಯ, ಬ್ಯಾಂಕಿಂದಲ್ಲ, ಎಲ್‌ಐಸಿದಲ್ಲ, ಯಾರ್ದ್ ಇದ್?" ಎಂದು ಕೇಳಿ, ನಾನು ಒಡೆದು ಓದಿ ಮುಗಿಸುವ ತನಕ ಅಂಗಳದಲ್ಲೇ ನಿಂತಿದ್ದ. ವಿಷಯ ಹೇಳಿದೆ. "ಅರ್ಧ ಗಂಟೆ ಪದ್ಯವಾ? ಹಾಂಗಾರೆ ನಮ್ ಯಕ್ಷಗಾನದ ಭಾಗವತ್ರ್ ಎಂತ ಕಮ್ಮಿ?" ಎಂದ. ಉದ್ದದ ಪದ್ಯಕ್ಕೆ ಇಲ್ಲಿ ಇನ್ನೂ ಜನ ಕೂರುತ್ತಾರೆಂದು ಅವನಿಗೆ ಅರ್ಥವಾದದ್ದು ನಿನಗೆ ಆಗಿಲ್ಲವಲ್ಲ ಎಂದು ನನಗೆ ನಗು ಬಂತು.

ಹೆಸರಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದೀಯ. ಸಾಲಿಗ್ರಾಮದ ಕಡೆ ಎಷ್ಟು ಮನೆಗಳಿಗೆ ಹೊಸಮನೆ ಎಂದು ಹೆಸರಿದೆ, ನೋಡಿದ್ದೀಯಾ? ಕೆಲವು ಇನ್ನೂರು ವರ್ಷ ಹಳೆಯವು. ಒಳಗೆ ಒಲೆ ಉರಿಯುತ್ತಿದೆಯೋ ಇಲ್ಲವೋ ಎಂದು ಜನ ನೋಡುತ್ತಾರೆ, ಹೆಸರು ಹಿಡಿದು ಯಾರೂ ಜಗಳಕ್ಕೆ ಬರುವುದಿಲ್ಲ. ಒಂದು ಸಂಗೀತ ಹುಟ್ಟಿದ ಊರಲ್ಲೇ ಕೂತರೆ ಮುದಿಯಾಗುತ್ತದೆ. ಇಂಗ್ಲೆಂಡಿನದ್ದು ಬೊಂಬಾಯಿಗೆ ಬಂತು, ಈಗ ಗಂಗೊಳ್ಳಿಯ ಐಸ್ ಪ್ಲಾಂಟಿಗೆ ಬಂದಿದೆ. ಸತ್ತದ್ದು ಇಷ್ಟು ದೂರ ನಡೆಯುತ್ತದೆಯೇ?

ಒಂದು ಹಾಡಿನೊಳಗೆ ನಾಲ್ಕು ಊರು ದಾಟುವ ಸುಖ ಇನ್ನೆಲ್ಲಿದೆ ಮಗೂ! ಘಟ್ಟ ಹತ್ತಿದ ಹಾಗೆ ಆರ್ಗನ್ ಏರುತ್ತದೆ. ಕಿವಿಯಲ್ಲಿ ಗಾಳಿ ತುಂಬುತ್ತದೆ. ತಟ್ಟನೆ ಒಂದು ತಿರುವು, ಕೊಳಲು, ಕೆಳಗೆ ಬಯಲು.

ನಾನು ಏನು ಬಾರಿಸುತ್ತಿದ್ದೆ ಎಂದು ಕೇಳಿದ್ದೀಯ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಅಂಚೆಯವ ಕಾಯುತ್ತಿದ್ದಾನೆ.

ಕೃಷ್ಣಯ್ಯ

*

ಬ್ರಹ್ಮಾವರ
23-9-2024

ಮಾವನವರಿಗೆ ನಮಸ್ಕಾರಗಳು.

ಹೊಸಮನೆಯ ಮಾತನ್ನು ಸುಧೀರನಿಗೆ ಓದಿ ಹೇಳಿದೆ. ಅವನು ಅದನ್ನು ಮಿಕ್ಸಿ ಅಂಗಡಿಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾನೆ.

ದೊಡ್ಡ ಸುದ್ದಿ! ಬಿಜೂರಿನ ಒಂದು ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ನಮಗೆ ಜಾಗ ಸಿಕ್ಕಿದೆ. ಅಕ್ಟೋಬರ್ 20, ಭಾನುವಾರ, ಸಂಜೆಯ ಕೊನೆಯ ಕಾರ್ಯಕ್ರಮ. ಹಾಸ್ಯ ನಾಟಕದವರು ಕೈಕೊಟ್ಟದ್ದರಿಂದ ಸಿಕ್ಕಿದ್ದು. ಕಾರ್ಯದರ್ಶಿ ದರ್ಶನ್ ಫೋನಿನಲ್ಲಿ, "ಅರ್ಧ ಗಂಟೆ ತುಂಬ್ಸಿ ಕೊಡಿ, ಎಂತ ಬೇಕಾರೂ ಮಾಡಿ, ಕುಣಿಲಕ್ಕ್, ಹಾರ್‌ಲಕ್ಕ್" ಎಂದರು. ಹಾರುವುದಿಲ್ಲ, ಬಾರಿಸುತ್ತೇವೆ ಎಂದೆ.

ರತೀಶ್ ಒಂದು ಕರಾರು ಹಾಕಿದ್ದಾನೆ. "ಕಾಂಬ. ಕಡೀವರೆಗೆ ಜನ ಕೂತ್ರೆ ಆರ್ಕೆಸ್ಟ್ರಾ ಬ್ಯಾಡ. ಮಧ್ಯ ಎದ್ದ್ ಹೋರೆ, ಸೋಮವಾರ ಸಂಜೆ ನಾ ಕುಂದಾಪುರಕ್ಕೆ ಹೋಯಿ ಸಹಿ ಹಾಕ್ತೆ. ಮತ್ತೆ ನೀವಿಬ್ರೂ ಬಾಯಿ ಬಿಡುಕಾಗ." ನಾವಿಬ್ಬರೂ ಒಪ್ಪಿದೆವು.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಮೂರು ಭಾಗ ಸಿದ್ಧವಾಗಿದೆ. ಮೊದಲ ಎರಡು ಜೋರು, ಒಂಬತ್ತು ನಿಮಿಷ. ಮೂರನೆಯದು ಮೂರು ನಿಮಿಷ, ಮೆಲ್ಲಗೆ, ಸುಧೀರನ ಕೀಬೋರ್ಡು ಹಾರ್ಮೋನಿಯಂ ಹಾಗೆ ಎಳೆಯುತ್ತದೆ, ನಾನು ಶಬ್ದವಿಲ್ಲದೆ ರಾಗ ಹಾಡುತ್ತೇನೆ. ಅಲ್ಲಿಂದ ಮುಂದೆ ಹೋಗುತ್ತಿಲ್ಲ. ಏನು ಮಾಡಿದರೂ ಮುಗಿಯುತ್ತಿಲ್ಲ. ನೀವು ಅಂಥದ್ದನ್ನು ಎಷ್ಟೋ ಸಲ ಕೊನೆಯ ತನಕ ಬಾರಿಸಿದವರು. ನಿಮ್ಮ ಬ್ಯಾಂಡಿನವರು ಹೇಗೆ ಮುಗಿಸುತ್ತಿದ್ದರು? ದಯವಿಟ್ಟು ಬೇಗ ಬರೆಯಿರಿ.

ವಿಜೇತಾ

*

ಕೆರಾಡಿ
1-10-2024

ಚಿ. ವಿಜೇತಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಐದು ದಿನವಾಯಿತು. ಮೂರು ಸಲ ಬರೆದು ಹರಿದೆ.

ಮಗೂ, ನಾನು ಆ ಬ್ಯಾಂಡಿನಲ್ಲಿ ಬಾರಿಸುತ್ತಿರಲಿಲ್ಲ. ಚಹಾ ಕೊಡುತ್ತಿದ್ದೆ.

1976ನೇ ಇಸವಿ. ನನಗೆ ಹತ್ತೊಂಬತ್ತು. ಮಾಟುಂಗದ ಹತ್ತಿರ ನಮ್ಮ ಕಡೆಯವರದೇ ಹೋಟೆಲು. ಮಹಡಿಯ ಮೇಲೊಂದು ದೊಡ್ಡ ಕೋಣೆ, ಅಲ್ಲಿ ಶನಿವಾರ ಆರು ಮಂದಿ ಕಾಲೇಜು ಹುಡುಗರು ಅಭ್ಯಾಸ ಮಾಡುತ್ತಿದ್ದರು. ಆರು ಗ್ಲಾಸು ಚಹಾ ಒಯ್ಯುವುದು, ಖಾಲಿ ಗ್ಲಾಸು ಸೇರಿಸಿಕೊಂಡು ಬರುವುದು, ಅದು ನನ್ನ ಕೆಲಸ. ಅವರು ಕುಡಿಯುವಷ್ಟು ಹೊತ್ತು ನನಗೆ ಅಲ್ಲಿ ನಿಲ್ಲಬಹುದು. ಅದಕ್ಕೆ ನಾನು ಚಹಾವನ್ನು ತುಟಿ ಸುಡುವಷ್ಟು ಬಿಸಿಯಾಗಿಯೇ ಒಯ್ಯುತ್ತಿದ್ದೆ, ಬೇಗ ಕುಡಿಯದಿರಲಿ ಎಂದು. ಆದರೂ ಹತ್ತು ಹನ್ನೆರಡು ನಿಮಿಷಕ್ಕೆ ಕೆಳಗಿನಿಂದ ಮಾಲೀಕರ ಕೂಗು: "ಹ್ವಾಯ್ ಕೃಷ್ಣ, ಗ್ಲಾಸ್ ತರುಕ್ ಹೋದ್ಯಾ, ಮಾಡುಕ್ ಹೋದ್ಯಾ?"

ಎರಡು ವರ್ಷದಲ್ಲಿ ಒಂದನ್ನೂ ಕೊನೆಯ ತನಕ ಕೇಳಲಿಲ್ಲ. ಅವರಲ್ಲೊಬ್ಬ ಊರು ಬಿಡುವಾಗ ಒಂದು ಕ್ಯಾಸೆಟ್ ಕೊಟ್ಟ. ಅದರಲ್ಲೂ ಹದಿನೆಂಟನೆಯ ನಿಮಿಷಕ್ಕೆ ಟೇಪೇ ಮುಗಿಯುತ್ತದೆ, ಹಾಡು ಮುಗಿಯುವುದಿಲ್ಲ. ಊರಿಗೆ ಬರೆದ ಕಾಗದದಲ್ಲಿ "ಶನಿವಾರ ಬ್ಯಾಂಡಿನವರ ಜೊತೆ ಇರುತ್ತೇನೆ" ಎಂದು ಬರೆದಿದ್ದೆ. ಉಳಿದದ್ದನ್ನು ಗೋಮತಿ ಸೇರಿಸಿಕೊಂಡಳು. ನಾನು ತಿದ್ದಲಿಲ್ಲ. ನಲವತ್ತೆಂಟು ವರ್ಷ ತಿದ್ದಲಿಲ್ಲ.

ಹಾಗಾಗಿ ಅದು ಹೇಗೆ ಮುಗಿಯುತ್ತದೆ ಎಂದು ನನಗೆ ಗೊತ್ತಿಲ್ಲ. ಬದುಕಿದೆ ಎಂದು ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದೂ ಅದಕ್ಕೇ ಇರಬಹುದು. ನನ್ನ ಮಟ್ಟಿಗೆ ಅದು ಇನ್ನೂ ನಡೆಯುತ್ತಲೇ ಇದೆ. ಗ್ಲಾಸು ಹಿಡಿದು ಮೆಟ್ಟಿಲಿಳಿಯುವಾಗ ಬೆನ್ನ ಹಿಂದೆ ಕೇಳುತ್ತಿತ್ತಲ್ಲ, ಹಾಗೆ.

ನನ್ನ ಮಾತನ್ನು ಗೋಡೆಯಿಂದ ಅಳಿಸಲು ಸುಧೀರನಿಗೆ ಹೇಳು.

ಕೃಷ್ಣಯ್ಯ

*

ಬ್ರಹ್ಮಾವರ
8-10-2024

ಪ್ರೀತಿಯ ಮಾವ,

ಸುಧೀರ್ ಅಳಿಸಲಿಲ್ಲ. "ಬಿಸಿ ಚಹಾ" ಎಂದು ಕೆಳಗೆ ಇನ್ನೊಂದು ಸಾಲು ಬರೆದ.

ನಿಮ್ಮ ಕಾಗದ ಓದಿದ ಸಂಜೆಯೇ ನಾಲ್ಕನೆಯ ಭಾಗ ಬಂತು! ಮುಗಿಸಬೇಕು ಎಂದು ಹೊರಟಾಗ ಬಂದಿರಲಿಲ್ಲ. ಮೆಟ್ಟಿಲಿಳಿಯುವವನ ಬೆನ್ನ ಹಿಂದೆ ಏನಿತ್ತು ಎಂದು ಹುಡುಕಿದೆವು, ಹದಿನಾಲ್ಕು ನಿಮಿಷ ಸಿಕ್ಕಿತು. ಏಳರ ಲೆಕ್ಕದಲ್ಲಿ ರತೀಶ್ ಒಬ್ಬನೇ ಶುರು ಮಾಡುತ್ತಾನೆ. ಮಾವ, ಅವನು ಆ ಕರಾರನ್ನೇ ಮರೆತವನ ಹಾಗೆ ಬಾರಿಸುತ್ತಿದ್ದಾನೆ. ಅಭ್ಯಾಸ ಮುಗಿದ ಮೇಲೆ ನೆನಪು ಮಾಡಿಕೊಂಡು, "ಜನ ಕೂತ್ರೆ ಮಾತ್ರ" ಎನ್ನುತ್ತಾನೆ.

ಇಪ್ಪತ್ತನೆಯ ತಾರೀಕು ಬಿಜೂರಿಗೆ ಬನ್ನಿ. ಸಂಜೆ ಏಳಕ್ಕೆ ನಮ್ಮದು. ಬರುತ್ತೀರಾ?

ವಿಜೇತಾ

*

ಬ್ರಹ್ಮಾವರ
21-10-2024, ಬೆಳಿಗ್ಗೆ

ಮಾವನವರಿಗೆ,

ನೀವು ಉತ್ತರ ಬರೆಯಲಿಲ್ಲ, ಬರಲೂ ಇಲ್ಲ. ಒಳ್ಳೆಯದೇ ಆಯಿತು.

ಮೊದಲ ಎರಡು ಭಾಗ ಜನ ಕದಲದೆ ಕೇಳಿದರು. ನನಗೆ ಆಕಾಶ ಕೈಗೆ ಸಿಕ್ಕಿದ ಹಾಗಿತ್ತು. ಮೂರನೆಯ ಭಾಗದಲ್ಲಿ, ಸುಧೀರ್ ಮೆಲ್ಲಗೆ ಎಳೆಯುತ್ತಿದ್ದಾಗ, ಎದುರಿನ ಸಾಲು ಎದ್ದಿತು. ಆಮೇಲೆ ಎರಡನೆಯದು. ಚಾಪೆ ಕೊಡವುವ ಸದ್ದು ಮೈಕಿನಲ್ಲೂ ಕೇಳಿತು. ಮಕ್ಕಳನ್ನು ಎತ್ತಿಕೊಂಡರು, ಚಪ್ಪಲಿ ಹುಡುಕಿದರು. ಇಡೀ ಸಭೆ ಎದ್ದು ನಿಂತಿತು ಮಾವ. ನಾನು ಕಣ್ಣು ಮುಚ್ಚಿಕೊಂಡವಳು ಪರದೆ ಬೀಳುವ ತನಕ ತೆರೆಯಲಿಲ್ಲ, ಸುಧೀರ್ ಕೀಬೋರ್ಡಿನಿಂದ ಮುಖ ಎತ್ತಲಿಲ್ಲ. ರತೀಶ್ ತಲೆ ತಗ್ಗಿಸಿ ನಾಲ್ಕನೆಯದನ್ನು ಬಾರಿಸಿದ, ಬೈಯುವವನ ಹಾಗೆ ಬಾರಿಸಿದ. ಮುಗಿದಾಗ ಒಂದು ಚಪ್ಪಾಳೆ ಇಲ್ಲ. ಪರದೆ ಬಿತ್ತು. ದರ್ಶನ್ ಅವರಿಗೆ ಮುಖ ತೋರಿಸಲಾಗದೆ ಹಿಂದಿನ ಬಾಗಿಲಿನಿಂದ ಓಮ್ನಿ ಹತ್ತಿದೆವು.

ಫೋನು ಆಫ್ ಮಾಡಿಟ್ಟಿದ್ದೇನೆ. ಇವತ್ತು ಸಂಜೆ ಐದಕ್ಕೆ ರತೀಶ್, ಸುಧೀರ್ ಸಹಿ ಹಾಕುತ್ತಾರೆ, ನಾನೂ ಹಾಕುತ್ತೇನೆ. ನಾನು ಮೊದಲು ಹೇಳಿದ್ದೇ ಸರಿ. ಅದು ಸತ್ತಿದೆ.

ವಿಜೇತಾ

*

ಬಿಜೂರು
21-10-2024, ಬೆಳಿಗ್ಗೆ ಎಂಟೂವರೆ

ಚಿ. ವಿಜೇತಾ,

ಸಹಿ ಹಾಕಬೇಡಿ! ಯಾರೂ ಹಾಕಬೇಡಿ!

ನಾನು ನಿನ್ನೆ ಸಭೆಯಲ್ಲಿದ್ದೆ, ಏಳನೆಯ ಸಾಲಿನಲ್ಲಿ. ಬರುತ್ತೇನೆಂದು ಬರೆದಿರಲಿಲ್ಲ. ಚಹಾ ಕೊಟ್ಟವನನ್ನು ಕಂಡು ನಿನಗೆ ಮುಜುಗರವಾಗಬಾರದು, ಕೇಳಿ ಹಾಗೇ ಹೋಗೋಣ ಎಂದುಕೊಂಡಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಮನಸ್ಸು ತಡೆಯದೆ ಹಿಂದೆ ಓಡಿ ಬಂದರೆ ನಿಮ್ಮ ಓಮ್ನಿಯ ಕೆಂಪು ದೀಪ ಕಂಡಿತು. ನಮ್ಮ ಚಿಕ್ಕಪ್ಪನ ಮಗಳು ಸುಗುಣಾಳ ಮನೆಯಲ್ಲಿ ಉಳಿದೆ. ಅವಳ ಮೊಬೈಲಿನಿಂದ ನಾಲ್ಕು ಸಲ ಮಾಡಿದೆ, ನಿನ್ನದು ಸ್ವಿಚ್ ಆಫ್. ನೀವು ಎದ್ದವರನ್ನು ಕಂಡಿರಿ, ಆಮೇಲೆ ಏನಾಯಿತೆಂದು ಕಾಣಲಿಲ್ಲ. ಕೇಳು.

ನಿಮ್ಮ ಮೂರನೆಯ ಭಾಗ ಶುರುವಾಯಿತಲ್ಲ, ಹಾರ್ಮೋನಿಯಂ ಹಾಗೆ, ಜೊತೆಗೆ ನಿನ್ನ ಸ್ವರ. ನನ್ನ ಪಕ್ಕದಲ್ಲಿ ಚಂದ್ರಮತಿ ಅಂತ ಒಬ್ಬರು ಹೆಂಗಸು ಕೂತಿದ್ದರು. ಅವರು ಕೈ ಮುಗಿದು, "ಮಂಗಳ ಆತ್ತ್ ಕಾಣಿ, ಏಳಿ ಏಳಿ" ಎಂದರು. ಯಕ್ಷಗಾನದ ಆಟವಾಗಲಿ ಭಜನೆಯಾಗಲಿ, ಕೊನೆಗೆ ಮಂಗಳ ಹಾಡುತ್ತಾರೆ, ಹಾಡಿದಾಗ ಜನ ಏಳುತ್ತಾರೆ. ನಿಮ್ಮದು ಸಂಜೆಯ ಕೊನೆಯ ಕಾರ್ಯಕ್ರಮ ಬೇರೆ. ಜೋರಿನದ್ದು ಮುಗಿಯಿತು, ಮೆಲ್ಲಗಿನದ್ದು ಬಂತು, ಇನ್ನೇನು? ಇಡೀ ಬಿಜೂರು ಮರ್ಯಾದೆಯಿಂದ ಎದ್ದು ನಿಂತಿತು. ನಾನೂ ಎದ್ದೆ ಮಗೂ! ಚಪ್ಪಲಿಯೊಳಗೆ ಒಂದು ಕಾಲು ಹಾಕಿದ್ದೆ. ಹಿಂದಿನ ಸಾಲಿನ ಮೂವತ್ತು ನಲವತ್ತು ಮಂದಿ ಗೇಟು ದಾಟಿದರು.

ಆಗ ನಿನ್ನ ರತೀಶ್ ಡ್ರಮ್ಮಿಗೆ ಹೊಡೆದ.

ಹೊರಟವರ ಬೆನ್ನು ವೇದಿಕೆಯ ಕಡೆಗಿತ್ತು. ಎಲ್ಲರೂ ಒಟ್ಟಿಗೆ ತಿರುಗಿದರು. ಚಂದ್ರಮತಿ ನನ್ನ ತೋಳು ಹಿಡಿದು, "ಹ್ವಾಯ್, ಮಂಗಳ ಆದ್ಮೇಲೂ ಆಟ ಇತ್ತಾ?" ಎಂದು ಕೇಳಿದರು. "ಇತ್ತ್ ಅಂತ ಕಾಣತ್ತ್" ಎಂದೆ. "ಹಾಂಗಾರೆ ಒಂಚೂರ್ ನಿಂಬ" ಎಂದರು. ಆ ಒಂಚೂರು ಹದಿನಾಲ್ಕು ನಿಮಿಷವಾಯಿತು. ಯಾರೂ ಕೂರಲಿಲ್ಲ, ಕೂರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಂಕುಳಲ್ಲಿ ಸುತ್ತಿದ ಚಾಪೆ, ಹೆಗಲ ಮೇಲೆ ಮಗು, ಕೈಯಲ್ಲಿ ಟಾರ್ಚು. ಮದ್ದಳೆ ಬಾರಿಸುವ ಒಬ್ಬ ಅಜ್ಜ ತೊಡೆಯ ಮೇಲೆ ಏಳರ ಲೆಕ್ಕ ಹಾಕಿ, "ನಮ್ ತ್ರಿವುಡೆ ತಾಳವೇ, ಆದ್ರೆ ಪೆಟ್ಟ್ ಕೈಗೆ ಸಿಕ್ಕುದಿಲ್ಲ, ಹುಡ್ಗ ಬರೀ ಪೋಕ್ರಿ" ಎಂದ. ಅದು ಬೈಗುಳವಲ್ಲ, ಅವನ ಮುಖ ಅರಳಿತ್ತು. ಚಪ್ಪಾಳೆ ಏಕೆ ಇಲ್ಲ ಎನ್ನುತ್ತೀಯ? ಕಂಕುಳಲ್ಲಿ ಚಾಪೆ ಇದ್ದವರು ಚಪ್ಪಾಳೆ ತಟ್ಟುವುದು ಹೇಗೆ?

ನಾನು ಕೊನೆಯ ತನಕ ಕೇಳಿದೆ. ಕೊನೆಯ ಪೆಟ್ಟು ಬಿದ್ದಾಗ ನನ್ನ ಕೈ ತಾನಾಗಿ ಮುಂದೆ ಚಾಚಿತ್ತು, ಗ್ಲಾಸು ತೆಗೆದುಕೊಳ್ಳುವವನ ಹಾಗೆ. ಅರವತ್ತೇಳು ವರ್ಷಕ್ಕೆ ಮೊದಲ ಸಲ ಒಂದು ಪೂರ್ತಿ ಕೇಳಿದೆ.

ಬೆಳಿಗ್ಗೆ ಸುಗುಣಾಳ ಜೊತೆ ಹಾಲಿನ ಸೊಸೈಟಿಗೆ ಹೋದೆ. ಅಲ್ಲಿ ಜಗಳವೋ ಜಗಳ. ಗೇಟು ದಾಟಿ ಹೋದವರು, "ಮಂಗಳ ಆದ್ಮೇಲೆ ಎಂತ ಆಯ್ತಂಬ್ರ್?" ಎಂದು ಕೇಳುತ್ತಾರೆ. ನಿಂತವರು ಹೇಳಲು ಬಾರದೆ ಹಾಲಿನ ಕ್ಯಾನಿಗೆ ಬಡಿದು ತೋರಿಸುತ್ತಾರೆ. ಹಾಲು ಅಳೆಯುವಾಕೆ ಅಮಿತಾ, "ಕ್ಯಾನ್ ಮುರ್ದ್ ಹಾಕ್ಬೇಡಿ ಮರಾಯ್ರೆ, ಅವ್ರನ್ನೇ ಕರ್ಸಿ!" ಎಂದು ಬೊಬ್ಬೆ ಹೊಡೆದಳು. ಅವಳೂ ಗೇಟು ದಾಟಿದವಳೇ, ಅವಳ ಸಿಟ್ಟು ಅದಕ್ಕೆ.

ಅವಳ ಮೇಜಿನ ಮೇಲೇ ಇದನ್ನು ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಬುಧವಾರ ಸಿಗುತ್ತದೆ. ಉಡುಪಿ ಬಸ್ಸಿನ ಕಂಡಕ್ಟರ್ ಮಂಜ ಸುಗುಣಾಳಿಗೆ ಗುರುತು, ಅವನ ಕೈಯಲ್ಲಿ ಕೊಡುತ್ತೇನೆ. ಕನ್ನಡಕದ ಅಂಗಡಿ ಎಂದರೆ ತಿಳಿಯಿತಂತೆ. ಬಸ್ ಬಂತು.

ಕೃಷ್ಣಯ್ಯ

*

ಬ್ರಹ್ಮಾವರ
23-10-2024

ಮಾವಾ!

ನನ್ನ ಸೋಮವಾರದ ಕಾಗದ ಇದಕ್ಕಿಂತ ಮೊದಲೇ ನಿಮಗೆ ತಲುಪಿರುತ್ತದೆ. ಅದನ್ನು ಮರೆತು ಒಲೆಗೆ ಹಾಕಿ.

ಮಂಜಣ್ಣ ಬಸ್ಸನ್ನು ಅಂಗಡಿಯ ಎದುರೇ ನಿಲ್ಲಿಸಿ, "ವಿಜೇತಾ ಯಾರ್? ಬಿಜೂರಿಂದ ಅರ್ಜೆಂಟ್!" ಎಂದು ಕೂಗಿದರು. ಕನ್ನಡಕಕ್ಕೆ ಅಳತೆ ಕೊಡುತ್ತಿದ್ದವರು ಯಾರೋ ತೀರಿಕೊಂಡರೆಂದು ಎದ್ದು ನಿಂತರು. ಓದಿದೆ. ಇನ್ನೊಮ್ಮೆ ಓದಿದೆ. ರತೀಶನಿಗೆ ಫೋನು ಮಾಡಿದರೆ ಅವನದೂ ಆಫ್. ಧಣಿಗಳಿಗೆ ಹೇಳಿ ಕುಂದಾಪುರದ ಬಸ್ ಹತ್ತಿದೆ.

ಆರ್ಕೆಸ್ಟ್ರಾದ ಆಫೀಸಿನಲ್ಲಿ ರತೀಶನ ಕೈಗೆ ಪೆನ್ನು ಬಂದಿತ್ತು. ಸುಧೀರ್ ಗೋಡೆ ನೋಡುತ್ತ ಕೂತಿದ್ದ. ನಾನು ಬಾಗಿಲಲ್ಲೇ ನಿಂತು ನಿಮ್ಮ ಕಾಗದವನ್ನು ದೊಡ್ಡದಾಗಿ ಓದಿದೆ, ಮೊದಲಿಂದ ಕೊನೆಯ ತನಕ. ಚಪ್ಪಾಳೆಯ ಸಾಲು ಬಂದಾಗ ಸುಧೀರ್ ಮುಖ ಮುಚ್ಚಿಕೊಂಡ. ರತೀಶ್ ಮಾತ್ರ ಕದಲಲಿಲ್ಲ. ಕೊನೆಗೆ, "ಎದ್ದದ್ದ್ ಎದ್ದದ್ದೇ ಅಲ್ದಾ? ಕೂತ್ರೆ ಅಂತ ಕರಾರ್" ಎಂದ. ನನ್ನ ಜೀವ ಹೋಯಿತು. ಆರ್ಕೆಸ್ಟ್ರಾದ ಯಜಮಾನರು ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವರು ಸಹಿ ಹಾಕಬೇಕಿದ್ದ ಕಾಗದವನ್ನು ಎಳೆದುಕೊಂಡರು. "ಮೂವತ್ತ್ ವರ್ಷ ಆಯ್ತ್ ನಾ ಆರ್ಕೆಸ್ಟ್ರಾ ಮಾಡೂಕ್ ಹಿಡ್ದ್. ನಮ್ಮ ಪದ್ಯ ಜನ ಕೂಕಂಡೇ ಕೇಂತ್ರ್, ಉಂಬ್ತಾ ಕೇಂತ್ರ್. ನಿಂತ್ಕಂಡ್ ಕೇಂಡದ್ದ್ ನಾ ಕಂಡದ್ದಿಲ್ಲ. ನಡೀರಿ ಹೊರ್ಗೆ!" ರತೀಶನ ನಗು ಆಗ ಒಡೆಯಿತು. ಪೆನ್ನನ್ನು ಮೇಜಿನ ಮೇಲೆ ಏಳು ಸಲ ಬಡಿದು ಇಟ್ಟ.

ಮರುದಿನ ಬೆಳಿಗ್ಗೆ ಆರೂವರೆಗೆ ನಾವು ಬಿಜೂರಿನ ಸೊಸೈಟಿಯಲ್ಲಿದ್ದೆವು. ನೀವು ಸೋಮವಾರವೇ ಕೆರಾಡಿಗೆ ಹೋದಿರಂತೆ, ಆದ್ದರಿಂದ ಬರೆಯುತ್ತಿದ್ದೇನೆ. ಅಮಿತಕ್ಕ ಹಾಲು ಪರೀಕ್ಷೆಯ ಮೆಷಿನಿನ ಪ್ಲಗ್ ತೆಗೆದು ನಮಗೆ ಕರೆಂಟು ಕೊಟ್ಟರು. ಗೇಟು ದಾಟಿದವರಿಗೆಲ್ಲ ಸುದ್ದಿ ಮುಟ್ಟಿತ್ತು. ಈ ಸಲ ಯಾರೂ ನಿಲ್ಲಲಿಲ್ಲ. ಕ್ಯಾನು ಬೋರಲು ಹಾಕಿ ಕೂತರು, ಕಟ್ಟೆಯ ಮೇಲೆ ಕೂತರು, ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂತರು. ಹದಿನಾಲ್ಕು ನಿಮಿಷ ಬಾರಿಸಿದೆವು. ಮುಗಿಯಿತು. ಒಬ್ಬರೂ ಏಳಲಿಲ್ಲ.

ನಾವು ಕಾದೆವು, ಅವರೂ ಕಾದರು. ನಾನು ಮೆಲ್ಲಗೆ, "ಇಷ್ಟೇ, ಮುಗಿಯಿತು" ಎಂದೆ. ಚಂದ್ರಮತಿಯಮ್ಮ ಚೊಂಬನ್ನು ಮಡಿಲಲ್ಲಿ ಸರಿಮಾಡಿಕೊಂಡು, "ಮೊನ್ನೆಯೂ ಹಾಂಗೇ ಮೋಸ ಮಾಡಿದ್ರಿ. ನಾವ್ ಏಳುದಿಲ್ಲ" ಎಂದರು.

ರತೀಶ್ ನನ್ನನ್ನು ನೋಡಿದ. ನಾನು ಸುಧೀರನನ್ನು ನೋಡಿದೆ. ಹಾಲಿನ ವ್ಯಾನು ಬಂದು ಎರಡು ಸಲ ಹಾರ್ನ್ ಹಾಕಿತು, ಯಾರೂ ತಿರುಗಲಿಲ್ಲ. ರತೀಶ್ ಕೋಲೆತ್ತಿ ಏಳು ಎಣಿಸಿ ಮೊದಲ ಭಾಗದಿಂದ ಶುರು ಮಾಡಿದ. ವ್ಯಾನಿನವನು ಎಂಜಿನ್ ಆಫ್ ಮಾಡಿ, ಇಳಿದು ಬಂದು, ಒಂದು ಕ್ಯಾನು ಬೋರಲು ಹಾಕಿಕೊಂಡು ಕೂತ.

ನಿಮ್ಮ
ವಿಜೇತಾ